ಎಡಗೈ ಹಿಡಿ

ಜುನಾ ಬಜಾರಿನಲ್ಲಿ ಬುಧವಾರ,
ಗೋಣಿತಟ್ಟಿನ ಮೇಲೆ, ಕೀಲಿಯಿಲ್ಲದ ಬೀಗಗಳ ನಡುವೆ
ಮಲಗಿತ್ತು ಹದಿನಾರು ಇಂಚಿನ ಅಲಗು,
ಮೈತುಂಬ ತುಕ್ಕು, ಹಿಡಿ ಇದ್ದಲ್ಲಿ ಮೂರು ತೂತು.
ತಿಕ್ಕಿ ನೋಡಿದೆ. ಬಾಗಿಸಿ ಬಿಟ್ಟೆ.
ಟಣ್ ಅಂದು ನೆಟ್ಟಗೆ ನಿಂತಿತು.
ಮುದುಕ ಎಂಬತ್ತು ಅಂದ, ನಾನು ನಲವತ್ತು ಅಂದೆ.
ಹಲ್ಲು ನೋಡಿ ಎತ್ತು ಕೊಳ್ಳುವವರ ಊರಿನವನು;
ಐವತ್ತಕ್ಕೆ ಬಂತು, ಒಂದು ಹಲ್ಲೂ ಮುರಿಯದ್ದು.

ಕಟ್ಟಿಗೆ ಸಿಕ್ಕಿದ್ದು ಭವಾನಿ ಪೇಠೆಯಲ್ಲಿ,
ವಾಲ್ಜಿಭಾಯಿಯ ವಖಾರಿಯ ಹಿಂದೆ,
ಯಾವುದೋ ಶಾಲೆ ಮಾರಿದ ಬೆಂಚುಗಳ ರಾಶಿಯಲ್ಲಿ.
ಸಾಗವಾನಿ. ಇಂಚು ದಪ್ಪ. ನಲವತ್ತು ವರ್ಷ ಒಣಗಿದ್ದು,
ಇನ್ನು ಎಲ್ಲಿಗೂ ತಿರುಚಿಕೊಳ್ಳುವುದಿಲ್ಲ.
ಮೇಲೆ ಕೈವಾರದ ಮೊನೆಯಿಂದ ಕೊರೆದ
ಒಂದು ಮರಾಠಿ ‘ಸು’.
ಸುಹಾಸನೋ ಸುಮನಳೋ,
ಹೆಸರು ಮುಗಿಯುವ ಮೊದಲೇ ಮಾಸ್ತರರು ಬಂದಿರಬೇಕು.

ಇದೆಲ್ಲ ಮೋನವ್ವನಿಗೆ.
ತಂಗಿಯ ಮಗಳು. ಹತ್ತೊಂಬತ್ತು. ಎಡಚಿ.
ಎರಡು ವರ್ಷದಿಂದ ನನ್ನ ಗರಗಸ ಹಿಡಿದು
ಹೆಬ್ಬೆರಳ ಬುಡದಲ್ಲಿ ಬೊಕ್ಕೆ, ಬೊಕ್ಕೆಯ ಮೇಲೆ ಬೊಕ್ಕೆ.
ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಂಡು ಕೊಯ್ಯುತ್ತಾಳೆ,
ಕೇಳಿದರೆ ‘ಏನಾಗಿಲ್ರಿ ಮಾಮಾ’ ಅನ್ನುತ್ತಾಳೆ.

ಕೈಯ ಅಳತೆ ಕೊಡು ಅಂದೆ. ನಾಚಿದಳು.
ಆಮೇಲೆ ರೊಟ್ಟಿಗೆ ನಾದಿದ ಹಿಟ್ಟಿನ ಮುದ್ದೆ ತಂದು
ಎಡಗೈಯಲ್ಲಿ ಅಮುಕಿ ನನ್ನ ಮುಂದಿಟ್ಟಳು:
ಮೂರು ಬೆರಳಿನ ಮೂರು ಓಣಿ,
ತೋರುಬೆರಳು ಹೊರಗೆ, ದಾರಿ ತೋರಿಸಲಿಕ್ಕೆ.
ರಾತ್ರಿ ಅದನ್ನೇ ಬಡಿದು ರೊಟ್ಟಿ ಮಾಡಿದರು;
ಅಷ್ಟರೊಳಗೆ ರಟ್ಟಿನ ಮೇಲೆ ಗೀಟು ಹಾಕಿಕೊಂಡಿದ್ದೆ.

ಗರಗಸದ ಹಿಡಿಗೆ ಇನ್ನೊಂದು ಗರಗಸ ಬೇಕು.
ಮೊದಲು ಬೈರಿಗೆಯ ತೂತು, ಆಮೇಲೆ ತೂತಿಂದ ತೂತಿಗೆ
ಸಣ್ಣ ಬಿಲ್ಲುಗರಗಸ.
ಎಳೆ ಅಡ್ಡ ಬಿದ್ದರೆ ಕೊಂಬು ಮುರಿಯುತ್ತದೆ;
ಅಪ್ಪ ಇದನ್ನು ಹೇಳಿಕೊಟ್ಟದ್ದು ಬಾಯಿಂದಲ್ಲ,
ಮುರಿದ ಕೊಂಬಿನಿಂದಲೇ ಮೊಣಕೈಗೆ ಒಂದು ಏಟು.

ಆಮೇಲೆ ಅರ. ಉಜ್ಜು, ಹಿಡಿದು ನೋಡು, ಉಜ್ಜು.
ಮೂರನೆಯ ದಿನ ಸಂಜೆ ಹಿಡಿದರೆ
ಎಷ್ಟು ಚೆಂದ ಕೂತಿತ್ತು!
ಎಲ್ಲೂ ಚುಚ್ಚದು, ಎಲ್ಲೂ ಸಡಿಲಿಲ್ಲ,
ಹುಟ್ಟುವಾಗಲೇ ಹಿಡಿದುಕೊಂಡು ಬಂದ ಹಾಗೆ.
ಆಗ ನೋಡಿಕೊಂಡೆ. ಅದು ನನ್ನ ಬಲಗೈ.

ಸುಮ್ಮನೆ ಕೂತೆ. ಬೀಡಿ ಹಚ್ಚಿದೆ.
ಹೊರಗೆ ಯಾರೋ ಟೆಂಪೋವನ್ನು ಹಿಂದಕ್ಕೆ ಕರೆಯುತ್ತಿದ್ದರು,
‘ಯೇಊ ದ್ಯಾ, ಯೇಊ ದ್ಯಾ.’
ಈ ಹುಡುಗಿ ಮೊದಲ ದಿನ ಎಡಗೈ ಚಾಚಿದಾಗ
ಹತ್ಯಾರಕ್ಕೆ ಎಡಗೈ ಹಚ್ಚಬೇಡ ಅಂದವನು ನಾನೇ.
ದಸರೆಗೆ ಕುಂಕುಮ ಏರಿಸುವವು ಅಂದಿದ್ದೆ.

ಮತ್ತೆ ಅರ ಎತ್ತಿಕೊಂಡೆ.
ನನ್ನ ಅಂಗೈ ಕೂರುವ ಉಬ್ಬನ್ನು ತೆಗೆದೆ,
ಆಚೆ ಮಗ್ಗುಲು ಗುಂಡಗೆ, ಕೊರಳು ಸಣ್ಣಗೆ.
ಹಿಡಿದಾಗೆಲ್ಲ ನನಗೆ ಇನ್ನೊಂದಿಷ್ಟು ಒತ್ತಬೇಕು,
ನನಗೆ ಕೆಟ್ಟರೆ ಅವಳಿಗೆ ಹತ್ತಿರ ಬಂದ ಲೆಕ್ಕ.
ಕಡೆಗೆ ನನ್ನ ಬೆರಳು ಒಳಗೆ ಹೋಗಲೇ ಇಲ್ಲ.

‘ಸು’ ಮಾತ್ರ ಅಳಿಯಲಿಲ್ಲ, ಆಳವಿತ್ತು.
ಅದರ ಕೊಂಕು ಬಾಲ
ಹೆಬ್ಬೆರಳಿಗೊಂದು ಗುಳಿಯಾಗಿ ಉಳಿಯಿತು.

ಅಲಗಿಗೆ ಸೀಳು, ಮೂರು ಹಿತ್ತಾಳೆ ತಿರುಪು,
ಅಗಸಿ ಎಣ್ಣೆ ಎರಡು ಸಲ.

ಬೆಳಿಗ್ಗೆ ಕೊಟ್ಟೆ. ಏನೂ ಅನ್ನಲಿಲ್ಲ ಅವಳು.
ಮಾವಿನ ಹಲಗೆಯ ಮೇಲೆ ಮೊಣಕಾಲೂರಿ
ಎಡಗೈಯಲ್ಲಿ ಎಳೆದಳು, ಒಂದು, ಎರಡು;
ಗೆರೆ ಬಿಟ್ಟು ಕೂದಲಷ್ಟು ಆಚೆ ಹೋಯಿತು.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ತಾನೇ ನಿಲ್ಲಿಸಿ, ಹೊಟ್ಟು ಊದಿ, ಗೆರೆಗೆ ತಂದಳು.
ನಡುವೆ ಹೆಬ್ಬೆರಳು ಎತ್ತಿ ನೋಡಿ,
‘ಮಾಮಾ, ಈ ಸು ಯಾರ್ದು?’
‘ಗೊತ್ತಿಲ್ಲ’ ಅಂದೆ. ‘ಗೆರಿ ನೋಡು.’